ಬಲಗಿವಿಯಲ್ಲಿ ನಿಲ್ಲದ ತೋಡಿ

ಕಿವಿ ಎಂದರೆ ಒಂದು ತೂತು. ಅದರೊಳಗೆ ಗುಂಡಿಯಷ್ಟು ಗಾತ್ರದ ವಸ್ತುವೊಂದನ್ನು ಇಟ್ಟುಕೊಳ್ಳಲು ವಿದ್ಯೆ ಬೇಕಿಲ್ಲ, ಬುದ್ಧಿಯೂ ಬೇಕಿಲ್ಲ ಎಂದು ನಾನು ನಂಬಿದ್ದೆ. ನನಗೆ ಎರಡು ಕಿವಿಗಳಿದ್ದವು. ಡಬ್ಬಿಯಲ್ಲಿ ಎರಡು ಇಯರ್‌ಬಡ್ಸ್ ಇದ್ದವು. ಲೆಕ್ಕ ಸರಿಹೋಗಿತ್ತು.

ಡಬ್ಬಿ ತಂದುಕೊಟ್ಟವಳು ಮಗಳು ಮೇಧಾ. ಕಾರಣ ನನ್ನದೇ ಗೊಣಗಾಟ. ಈ ವಯಸ್ಸಿನಲ್ಲಿ ನನಗೆ ಉಳಿದಿರುವ ಆಸೆ ಒಂದೇ. ವೀಣೆಯಲ್ಲಿ ನುಡಿಸಿದ ತೋಡಿ ರಾಗದ ಆಲಾಪನೆಯೊಂದನ್ನು ಮೊದಲಿನಿಂದ ಕೊನೆಯವರೆಗೆ, ನಡುವೆ ಯಾರೂ ನನ್ನನ್ನು ಮಾತಾಡಿಸದಂತೆ ಕೇಳಬೇಕು. ಸೈಟು ಬೇಡ, ಕಾರು ಬೇಡ, ಕಾಶಿಯಾತ್ರೆಯೂ ಬೇಡ. ಆದರೆ ಬಸವನಗುಡಿಯ ನಮ್ಮ ಮನೆಯಲ್ಲಿ ತೋಡಿ ಗಾಂಧಾರಕ್ಕೆ ಬರುವ ಹೊತ್ತಿಗೆ ಸರಿಯಾಗಿ ಕುಕ್ಕರು ಕೂಗುತ್ತದೆ. ಅಮ್ಮನ ಟೀವಿಯಲ್ಲಿ ಯಾರೋ ರಾಶಿಫಲ ಶುರುಮಾಡುತ್ತಾರೆ. ಹೆಂಡತಿ ನಾಗರತ್ನ ಮೈಸೂರಿನ ತಂಗಿಯೊಂದಿಗೆ ಸ್ಪೀಕರ್ ಹಾಕಿಕೊಂಡು ಮಾತಾಡುತ್ತಾಳೆ. ಆ ತಂಗಿಯ ಗಂಟಲಿಗೆ ಫೋನಿನ ಅಗತ್ಯವೇ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಬೆಳಗಿನ ವಾಕಿಂಗಿಗೆ ಹೊರಬಿದ್ದರೆ ಎದುರುಮನೆಯ ಶೇಷಗಿರಿಯವರು. ಅವರ ಸೈಟಿನ ಕೋರ್ಟು ಕೇಸು ಅವರ ವಕೀಲರಿಗಿಂತ ನನಗೆ ಚೆನ್ನಾಗಿ ಗೊತ್ತು. ಅಲ್ಲಿಂದ ಆಫೀಸು. ಅಲ್ಲಿ ಕೌಂಟರಿನಲ್ಲಿ ಕೂತು ಜನರ ದೂರು ಕೇಳುವುದೇ ನನ್ನ ಕಸುಬು. ನನಗೆ ಸಾಕಾಗಿಹೋಗಿತ್ತು.

ಮೊದಲ ದಿನ ಬಡ್ಸ್ ಹಾಕಿಕೊಂಡು ತಿಂಡಿಗೆ ಕೂತೆ. ತೋಡಿ ಶುರುವಾಯಿತು. ಉಪ್ಪಿಟ್ಟಿನ ಮೊದಲ ತುತ್ತನ್ನು ಅಗಿದೆ. ಬಲಗಿವಿಯದು ಚಟ್ನಿಗೆ ಬಿತ್ತು!

"ಅಪ್ಪಾ, ಅದಕ್ಕೆ ರಬ್ಬರ್ ಸೈಜ್ ಇರತ್ತೆ. ಸ್ಮಾಲು, ಮೀಡಿಯಮ್ಮು, ಲಾರ್ಜು," ಎಂದಳು ಮೇಧಾ. "ಕಿವೀಲಿ ಗಟ್ಟಿಯಾಗಿ ಕೂತಿಲ್ಲ ಅಂದ್ರೆ ಸೌಂಡೂ ಸರಿಯಾಗಿ ಬರಲ್ಲ."

ಅದು ನಿಜವಾಗಿತ್ತು. ತಂಬೂರಿ ಸೊಳ್ಳೆಯ ಹಾಗೆ ಗುಂಯ್‌ಗುಟ್ಟುತ್ತಿತ್ತು. ವೀಣೆಯ ಕೆಳಗಿನ ಮಂದ್ರಸ್ವರಗಳಂತೂ ಪತ್ತೆಯೇ ಇರಲಿಲ್ಲ. ಕೂಡಲೇ ಸಂಶೋಧನೆ ಕೈಗೊಂಡೆ. ಎಡಗಿವಿಗೆ ಮೀಡಿಯಂ ಸರಿಹೋಯಿತು. ಬಲಗಿವಿಗೆ ಅದನ್ನೇ ಹಾಕಿದರೆ ಉದುರುತ್ತದೆ, ಲಾರ್ಜ್ ಹಾಕಿದರೆ ನೋವಿಗೆ ಕಣ್ಣಲ್ಲಿ ನೀರು ಬರುತ್ತದೆ. ಹೀಗೆ, ನನ್ನ ಎರಡು ಕಿವಿಗಳೂ ಒಂದೇ ಅಳತೆಯವಲ್ಲ ಎಂಬ ಸಂಗತಿ ಅಧಿಕೃತವಾಗಿ ಬೆಳಕಿಗೆ ಬಂತು.

"ನೀವು ಹೆಣ್ಣು ನೋಡಕ್ಕೆ ಬಂದಿದ್ರಲ್ಲ, ಅವತ್ತೇ ನನಗೆ ಗೊತ್ತಾಗಿತ್ತು," ಎಂದಳು ನಾಗರತ್ನ. "ಹೇಳಿದ್ರೆ ಬೇಜಾರು ಮಾಡ್ಕೋತೀರೇನೋ ಅಂತ ಸುಮ್ನಿದ್ದೆ."

ಗಾಂಧಿಬಜಾರಿನ ಮೊಬೈಲ್ ಅಂಗಡಿಯವನು ಸ್ಪಂಜಿನ ತುದಿಗಳನ್ನು ಕೊಟ್ಟ. "ಹಿಸುಕಿ ಒಳಗಿಡಿ ಸಾರ್, ಅದೇ ಉಬ್ಕೊಂಡು ಗಟ್ಟಿಯಾಗಿ ಕೂತ್ಕೊಳ್ಳತ್ತೆ," ಎಂದ. ಕೂತುಕೊಂಡಿತು ಕೂಡ. ಆದರೆ ಮರುದಿನ ಶನಿವಾರ. ಶನಿವಾರ ಎಂದರೆ ನಮ್ಮ ಮನೆಯಲ್ಲಿ ಎಣ್ಣೆಸ್ನಾನ. ಅಮ್ಮ ನನ್ನ ತಲೆಗೆ ಎಣ್ಣೆ ತಟ್ಟಿ, ತಲೆ ಓರೆಮಾಡಿಸಿ, ಎರಡೂ ಕಿವಿಗೆ ಬಿಸಿ ಎಣ್ಣೆ ಬಿಡುತ್ತಾಳೆ. ನಾನು ಹುಟ್ಟಿದಾಗಿನಿಂದ ನಡೆದುಬಂದ ಪದ್ಧತಿ.

"ಈ ವಾರ ಕಿವಿಗೆ ಬೇಡಮ್ಮ," ಎಂದೆ.

"ಸುಮ್ನೆ ಕೂತ್ಕೊಳ್ಳೋ. ಒಣಗಿ ಕಿವುಡಾದ್ರೆ ನಾಳೆ ಯಾರು ನೋಡ್ಕೋತಾರೆ ನಿನ್ನ?" ಎಂದಳು ಅಮ್ಮ.

ಸ್ನಾನವಾದ ಮೇಲೆ ಸ್ಪಂಜು ಎಣ್ಣೆ ಕುಡಿದು, ಒಳಗೆ ಹೋದಷ್ಟೇ ಸಲೀಸಾಗಿ ಹೊರಗೆ ಜಾರಿತು. ನಾನು ಸೋಫಾದ ಕೆಳಗೆ ಕೈಹಾಕಿ ಹುಡುಕುತ್ತ ಕೂತೆ. ಆ ಹೊತ್ತಿಗೆ ಸಂಗೀತದ ಮೇಲೇ ಜುಗುಪ್ಸೆ ಬಂದಿತ್ತು.

ದಾರಿ ಹೊಳೆದದ್ದು ಮರುದಿನ ಬೆಳಿಗ್ಗೆ. ಪಂಚೆಯುಟ್ಟು, ಬರಿಮೈಯಲ್ಲಿ, ಹೇಗೂ ಬೀಳುತ್ತದೆಂದು ಗೊತ್ತಿದ್ದೂ ಬಡ್ಸ್ ಸಿಕ್ಕಿಸಿಕೊಂಡು ಟಾಯ್ಲೆಟ್ಟಿಗೆ ಹೊರಟೆ. ಹೊರಡುವ ಮುನ್ನ ಅಭ್ಯಾಸಬಲದಿಂದ ಜನಿವಾರವನ್ನು ಬಲಗಿವಿಗೆ ಸುತ್ತಿಕೊಂಡೆ. ದಾರ ಬಡ್ಸನ್ನು ಒಳಕ್ಕೆ ಒತ್ತಿ ಹಿಡಿಯಿತು. ತಲೆ ಅಲ್ಲಾಡಿಸಿದೆ, ಬೀಳಲಿಲ್ಲ. ಒಂದು ಸಲ ಕುಪ್ಪಳಿಸಿದೆ, ಆಗಲೂ ಬೀಳಲಿಲ್ಲ. ಮಂದ್ರದ ತಂತಿ ತಲೆಯ ಒಳಗೇ ಮಿಡಿದಂತೆ ಕೇಳಿಸಿತು. ಅಡುಗೆಮನೆಯಲ್ಲಿ ಕುಕ್ಕರಿನ ಆವಿ ಮೇಲೇಳುವುದು ಕಂಡಿತೇ ಹೊರತು ಅದರ ಕೂಗು ಕೇಳಲಿಲ್ಲ.

ಇನ್ನೊಂದು ಲಾಭವೂ ಇತ್ತು. ಜನಿವಾರವನ್ನು ಕಿವಿಗೆ ಸುತ್ತಿಕೊಂಡವನು ಎಲ್ಲಿಗೆ ಹೊರಟಿದ್ದಾನೆಂದು ನಮ್ಮ ಬೀದಿಯಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಅವನು ಮಾತಾಡುವಂತಿಲ್ಲ, ಅವನನ್ನು ಯಾರೂ ಮಾತಾಡಿಸುವುದೂ ಇಲ್ಲ. ಏನೋ ಹೇಳಲು ಬಂದ ನಾಗರತ್ನ ನನ್ನ ಕಿವಿ ನೋಡಿ ಬದಿಗೆ ಸರಿದಳು. ಇಷ್ಟು ವರ್ಷ ಈ ಸೌಲಭ್ಯವನ್ನು ನಾನು ದಿನಕ್ಕೆ ಕೆಲವೇ ನಿಮಿಷ ಬಳಸಿಕೊಂಡಿದ್ದೆನಲ್ಲ, ಎಂಥ ದಡ್ಡತನ!

ಅಂಗಿ ತೊಟ್ಟು, ಕಾಲರಿನ ಮೇಲಿಂದ ಜನಿವಾರ ಎಳೆದು ಬಲಗಿವಿಗೆ ಎರಡು ಸುತ್ತು ಹಾಕಿ, ಫೋನಿಗೆ ಕರೆ ಬಾರದಂತೆ ಮಾಡಿಕೊಂಡು ವಾಕಿಂಗಿಗೆ ಹೊರಟೆ. ಶೇಷಗಿರಿಯವರು ಎಂದಿನಂತೆ ಗೇಟಿನಲ್ಲಿ ನಿಂತಿದ್ದರು. ಬಾಯಿ ತೆರೆದವರು ನನ್ನ ಕಿವಿ ನೋಡಿ ಬಾಯಿ ಮುಚ್ಚಿ, ದಾರಿ ಬಿಟ್ಟರು. ನನಗೆ ಹಾರಾಡುವಷ್ಟು ಸಂತೋಷವಾಯಿತು.

ಪಾರ್ಕಿನ ಸುತ್ತ ನಡೆದೆ. ವೀಣೆ ಮೇಲೆ ಮೇಲೆ ಹತ್ತುತ್ತಿತ್ತು. ಒಳ್ಳೆಯ ತೋಡಿ ಕೇಳುವಾಗ ಮುಖ ನನ್ನ ಹಿಡಿತದಲ್ಲಿರುವುದಿಲ್ಲ. ಕಣ್ಣು ಮುಚ್ಚಿಕೊಳ್ಳುತ್ತದೆ, ಹುಬ್ಬು ಗಂಟಾಗುತ್ತದೆ, ತುಟಿ ಸೊಟ್ಟಗಾಗುತ್ತದೆ, ಕೈ ತಾನಾಗಿ ಹೊಟ್ಟೆಯ ಮೇಲೆ ಹೋಗುತ್ತದೆ. ಜನಿವಾರ ಕಿವಿಗೇರಿಸಿದ ಗೃಹಸ್ಥನೊಬ್ಬ ಈ ಅವಸ್ಥೆಯಲ್ಲಿ ಬೀದಿ ಸುತ್ತುವುದನ್ನು ಕಂಡವರಿಗೆ ಏನನ್ನಿಸಬಹುದು ಎಂದು ನಾನು ಯೋಚಿಸಲಿಲ್ಲ. ಶೇಷಗಿರಿಯವರು ಯೋಚಿಸಿದರು. ಒಂದು ಸುತ್ತು ಮುಗಿಸಿ ಅವರ ಗೇಟಿನ ಮುಂದೆ ಬಂದದ್ದೇ ತಡ, ಓಡಿಬಂದು ನನ್ನ ರಟ್ಟೆ ಹಿಡಿದರು. ಏನೋ ಹೇಳುತ್ತಿದ್ದರು, ಒಂದಕ್ಷರ ಕೇಳಿಸಲಿಲ್ಲ. ಬಾಯಿ ತೆರೆದು ಉತ್ತರ ಕೊಟ್ಟರೆ ಬಡ್ಸ್ ಸಡಿಲವಾಗುವ ಭಯ. ತಲೆಯಾಡಿಸಿದೆ. ಅವರು ನನ್ನನ್ನು ಒಳಗೆ ಕರೆದುಕೊಂಡು ಹೋಗಿ, ತಮ್ಮ ಮನೆಯ ಟಾಯ್ಲೆಟ್ಟಿನೊಳಗೆ ನೂಕಿ ಬಾಗಿಲೆಳೆದರು. ನಾನು ಅಭ್ಯಾಸದಂತೆ ಚಿಲಕ ಹಾಕಿದೆ.

ವೀಣೆ ತಾರಷಡ್ಜ ಮುಟ್ಟಿತು. ಕಮೋಡಿನ ಮುಚ್ಚಳದ ಮೇಲೆ ಕೂತೆ. ಒಳಗೆ ಫಿನಾಯಿಲ್ ವಾಸನೆ, ಮೇಲೆ ಸಣ್ಣ ಕಿಟಕಿಯಿಂದ ಬಿಸಿಲು. ಯಾರಿಗೂ ನಾನು ಬೇಕಾಗಿರಲಿಲ್ಲ. ಬಹಳ ವರ್ಷಗಳ ಮೇಲೆ ನನ್ನ ಭುಜ ತಾನಾಗಿ ಕೆಳಗಿಳಿಯಿತು. ಅಳು ಬಂತು, ಅತ್ತುಬಿಟ್ಟೆ. ಏಳಬೇಕೆಂದು ಅನ್ನಿಸಲೇ ಇಲ್ಲ.

ಹೊರಗೆ ಬಾಗಿಲು ಬಡಿದರಂತೆ. ಕೂಗಿದರಂತೆ. ಫೋನಿಗೂ ಸಿಗದಿದ್ದಾಗ ನಮ್ಮ ಮನೆಯವರನ್ನು ಕರೆಸಿದರಂತೆ. ಇದೆಲ್ಲ ಆಮೇಲೆ ತಿಳಿದದ್ದು. ರಾಗ ಇಳಿದು ಇನ್ನೊಂದೇ ಒಂದು ಸಂಚಾರ ಬಾಕಿ ಇದ್ದಾಗ ಚಿಲಕ ಮುರಿದು ಬಾಗಿಲು ತೆರೆಯಿತು. ಶೇಷಗಿರಿ ದಂಪತಿ, ನಾಗರತ್ನ, ಅಮ್ಮ, ಮೇಧಾ. ನಾಗರತ್ನಳ ಕೈಯಲ್ಲಿ ಫೋನು, ಅದರಲ್ಲಿ ಮೈಸೂರಿನ ತಂಗಿ. ನಾನು ಮುಚ್ಚಳದ ಮೇಲೆ ಕಣ್ಣೀರಿಳಿಸುತ್ತ ಕೂತಿದ್ದೆ. ಮೇಧಾ ಒಬ್ಬಳೇ ನನ್ನ ಕಿವಿಯನ್ನು ಸರಿಯಾಗಿ ನೋಡಿದಳು. ಬಗ್ಗಿ ನನ್ನನ್ನು ಎಬ್ಬಿಸುವಂತೆ ನಟಿಸಿ ಎರಡೂ ಬಡ್ಸ್ ತೆಗೆದು ಮುಷ್ಟಿಯಲ್ಲಿ ಬಚ್ಚಿಟ್ಟುಕೊಂಡಳು. ಮನೆಯ ಮರ್ಯಾದೆ ಅವಳಿಂದ ಉಳಿಯಿತು.

"ರೀ, ಅಷ್ಟೊಂದು ನೋವಿದ್ಯಾ?" ಎಂದಳು ನಾಗರತ್ನ.

ನಿಜ ಹೇಳಬಹುದಿತ್ತು. ಆದರೆ ಜನಿವಾರವನ್ನು ಬಡ್ಸ್ ಕಟ್ಟಲು ಬಳಸಿದೆನೆಂದು ಅಮ್ಮನಿಗೆ ಹೇಗೆ ಹೇಳಲಿ? ನಿಮ್ಮ ಕೇಸಿನಿಂದ ತಪ್ಪಿಸಿಕೊಳ್ಳಲು ಇಷ್ಟೆಲ್ಲ ಎಂದು ಶೇಷಗಿರಿಯವರಿಗೆ ಹೇಗೆ ಹೇಳಲಿ?

"ಈಗ ಪರವಾಗಿಲ್ಲ," ಎಂದೆ.

ಅವತ್ತಿನಿಂದ ಗಂಜಿ, ಮಜ್ಜಿಗೆ, ದಾಳಿಂಬೆ ಸಿಪ್ಪೆಯ ಕಷಾಯ. ಹೊಟ್ಟೆ ವಿಚಾರಿಸಲು ಬಂದವರೆಲ್ಲ ಕುರ್ಚಿ ಎಳೆದುಕೊಂಡು ತಮ್ಮ ತಮ್ಮ ಹೊಟ್ಟೆಯ ಚರಿತ್ರೆ ಹೇಳಿದರು. ಶೇಷಗಿರಿಯವರು ಈಗ ವಾಕಿಂಗಿನಲ್ಲಿ ನನ್ನ ಕೈ ಹಿಡಿದೇ ನಡೆಯುತ್ತಾರೆ. ಕೇಸು ಹೈಕೋರ್ಟಿಗೆ ಹೋಗಿದೆ.

"ಸಂಕೋಚ ಬೇಡ ರಾಯ್ರೇ," ಎನ್ನುತ್ತಾರೆ. "ಹೊಸ ಚಿಲಕ ಹಾಕ್ಸಿದೀನಿ. ತೊಂದ್ರೆ ಆದ್ರೆ ಯಾವಾಗ ಬೇಕಾದ್ರೂ ಬನ್ನಿ."

ಮೊನ್ನೆ ಕೌಂಟರಿನಲ್ಲಿ ದಿನವಿಡೀ ಬೈಸಿಕೊಂಡು, ಬಸ್ಸಿನಲ್ಲಿ ನಿಂತು ಬಂದು ಬೀದಿ ತಲುಪಿದೆ. ಮನೆಯೊಳಗಿಂದ ರಾಶಿಫಲ, ಕುಕ್ಕರು, ಮೈಸೂರು, ಮೂರೂ ಒಟ್ಟಿಗೆ ಕೇಳಿಸಿದವು. ಮೇಧಾ ಗುಟ್ಟಾಗಿ ವಾಪಸು ಕೊಟ್ಟ ಬಡ್ಸ್ ಜೇಬಿನಲ್ಲಿದ್ದವು. ನಮ್ಮ ಗೇಟು ತೆರೆಯಲಿಲ್ಲ. ರಸ್ತೆ ದಾಟಿ, ಜನಿವಾರವನ್ನು ಕಿವಿಗೇರಿಸಿ, ಹೊಟ್ಟೆ ಹಿಡಿದುಕೊಂಡು ಶೇಷಗಿರಿಯವರ ಮನೆಯ ಬೆಲ್ ಒತ್ತಿದೆ.