ಇನ್ನೂರ ಹದಿನಾಲ್ಕು ಫೋಟೋದ ಹೆಂಗಸು

ಎಲ್ಲದಕ್ಕೂ ಮೂಲ ಒಂದು ಎಮ್ಮೆ.

ಶರಣಬಸಮ್ಮನ ಅಣ್ಣ ಸಿಂಧನೂರಿನಲ್ಲಿ ಹೊಸ ಎಮ್ಮೆ ಕಟ್ಟಿದ. ಅದರ ವೀಡಿಯೊವನ್ನು ಹೈದರಾಬಾದಿನಲ್ಲಿದ್ದ ತಂಗಿಯ ಗಂಡನಿಗೆ ಕಳಿಸಿದ. ಶಾಂತಕುಮಾರನ ಫೋನು ಜಾಗ ಇಲ್ಲ ಎಂದು ಕೈಯೆತ್ತಿತು.

“ನಮ್ಮಣ್ಣನ ಎಮ್ಮಿಗೆ ನಿಮ್ಮ ಫೋನಿನ್ಯಾಗ ಜಾಗ ಇಲ್ಲೇನ್ರಿ?” ಎಂದಳು ಶರಣಬಸಮ್ಮ.

ಇಂಥ ಪ್ರಶ್ನೆಗೆ ಉತ್ತರ ಕೊಡಬಾರದೆಂದು ಹದಿನೆಂಟು ವರ್ಷದ ಸಂಸಾರ ಶಾಂತಕುಮಾರನಿಗೆ ಕಲಿಸಿತ್ತು. ಅವನು ಫೋನು ಹಿಡಿದು ಎದುರುಮನೆಗೆ ಹೋದ. ಅಲ್ಲಿದ್ದವರು ಅಮರಯ್ಯ, ರೈಲ್ವೆಯಲ್ಲಿ ಟಿ.ಸಿ. ಆಗಿ ನಿವೃತ್ತರಾದವರು. ಮಲ್ಕಾಜ್‌ಗಿರಿಯ ಆ ಅಪಾರ್ಟ್‌ಮೆಂಟಿನಲ್ಲಿ ಯಾರ ಕೈಯಲ್ಲಿ ಏನು ಕಂಡರೂ “ತೋರಸ್ರಿ” ಎಂದು ಕೈಚಾಚುವ ಚಟ ಅವರಿಗೆ ಇನ್ನೂ ಹೋಗಿರಲಿಲ್ಲ.

“ಭಾಳ ಸಸಾರ ಐತಿ ತಮ್ಮಾ,” ಎಂದು ಅಮರಯ್ಯ ಫೋಟೋಗಳನ್ನು ತಾನೇ ವಿಂಗಡಿಸುವ ಒಂದು ಆಪ್ ಹಾಕಿದರು. ಅದು ಬಹಳ ಮರ್ಯಾದಸ್ಥ ಆಪು. ‘ನಿಮ್ಮ ಖಾಸಗಿತನವೇ ನಮ್ಮ ಉಸಿರು’ ಎಂದು ಮೊದಲು ಕೈಮುಗಿಯಿತು. ಆಮೇಲೆ, ನಿಮ್ಮ ಫೋಟೋ ಎಲ್ಲ ನೋಡಲೇ, ಮುಖಗಳನ್ನು ಗುರುತಿಸಲೇ, ಎಲ್ಲೆಲ್ಲಿ ಹೋಗಿದ್ದಿರಿ ಬರೆದಿಡಲೇ, ಮನೆಯವರಿಗೂ ತಿಳಿಸಲೇ ಎಂದು ಒಂದೊಂದಾಗಿ ಕೇಳಿತು. ಅಮರಯ್ಯ ಟಿಕೆಟ್ಟಿಗೆ ತೂತು ಹೊಡೆದಂತೆ ಎಲ್ಲದಕ್ಕೂ ‘ಒಪ್ಪಿಗೆ’ ಒತ್ತಿದರು.

“ಓದಬೇಕಲ್ಲೇನ್ರಿ ಕಾಕಾ?”

“ಓದಬಾರ್ದು. ಓದಿದ್ರ ಅನುಮಾನ ಬರ್ತಾವ.”

ಆಪು ಫೋಟೋಗಳನ್ನೆಲ್ಲ ತನ್ನ ಕಂಪನಿಯ ಉಗ್ರಾಣಕ್ಕೆ ಸಾಗಿಸಿ, ಫೋನಿನಲ್ಲಿ ಬರೀ ಮುಖಗಳನ್ನು ಗುಂಡಗೆ ಕತ್ತರಿಸಿ ಇಟ್ಟುಕೊಂಡಿತು. ಜಾಗ ಸಿಕ್ಕಿತು. ಎಮ್ಮೆ ಬಂತು. ಅಣ್ಣ ಉತ್ಸಾಹದಿಂದ ಅದರ ಹನ್ನೆರಡು ಫೋಟೋಗಳನ್ನೂ ಕಳಿಸಿದ. ಶನಿವಾರ ಸುಖವಾಗಿ ಮುಗಿಯಿತು.

ಭಾನುವಾರ ಬೆಳಿಗ್ಗೆ ಶರಣಬಸಮ್ಮನ ಫೋನು ಟಿಣ್ ಎಂದಿತು. ‘ಶಾಂತಕುಮಾರ ಅವರ ಬದುಕಿನ ಮುಖ್ಯ ವ್ಯಕ್ತಿಗಳು’ ಎಂಬ ಪಟ್ಟಿ ಬಂದಿತ್ತು. ಮೊದಲನೆಯವಳು ಹೆಸರಿಲ್ಲದ ಒಬ್ಬ ಹೆಂಗಸು, ಇನ್ನೂರ ಹದಿನಾಲ್ಕು ಫೋಟೋ. ಎರಡನೆಯದು ಎಮ್ಮೆ, ಹನ್ನೆರಡು. ಮೂರನೆಯ ಸ್ಥಾನದಲ್ಲಿ ಧರ್ಮಪತ್ನಿ, ಹನ್ನೊಂದು. ಆ ಹನ್ನೊಂದರಲ್ಲಿ ನಾಲ್ಕು ಆಧಾರ್ ಕಾರ್ಡಿನವು.

“ಯಾರ್ರೀ ಈಕಿ?”

ಶಾಂತಕುಮಾರ ಕಣ್ಣುಜ್ಜಿ ನೋಡಿದ. ದುಂಡು ಮುಖ, ಮೂಗುತಿ, ನಗು. ಅವನು ಈ ಜನ್ಮದಲ್ಲಿ ಕಂಡವಳಲ್ಲ. “ದೇವ್ರಾಣಿ ಗೊತ್ತಿಲ್ಲ,” ಎಂದ. ನಿಜ ಹೇಳಿದವನ ಮುಖ ಯಾವಾಗಲೂ ಕಳ್ಳನ ಹಾಗೆಯೇ ಇರುತ್ತದೆ.

ಮೇಲಿನ ಮನೆಯ ಸುಮಂಗಲಾ ಮೊಸರು ಕೇಳುವ ನೆಪದಲ್ಲಿ ಇಳಿದು ಬಂದಳು. ಬಟ್ಟಲು ತರುವುದನ್ನು ಮರೆತಿದ್ದಳು. ಅಷ್ಟರಲ್ಲಿ ಆಪು ಆ ಹೆಂಗಸಿನ ಮುಖವನ್ನೂ ಶಾಂತಕುಮಾರನ ಮುಖವನ್ನೂ ಕತ್ತರಿಸಿ, ಕೆಂಪು ಹೃದಯದೊಳಗೆ ಅಂಟಿಸಿ, ‘ಸವಿ ನೆನಪುಗಳು’ ಎಂದು ಹಿನ್ನೆಲೆ ಸಂಗೀತ ಹಾಕಿ ಕಳಿಸಿತು.

“ಎಲ್ಲಾದ್ರಾಗೂ ಎಷ್ಟ್ ಬೆವತಾರ ನೋಡ್ರಿ ವೈನಿ,” ಎಂದಳು ಸುಮಂಗಲಾ, ಸಂಕಟದಿಂದ.

ಆ ಬೆವರು ನೋಡಿದಾಗ ಶಾಂತಕುಮಾರನಿಗೆ ಅವು ಎಲ್ಲಿಯ ಫೋಟೋಗಳೆಂದು ಹೊಳೆಯಿತು. ಅದು ಬೆವರಲ್ಲ, ನಲ್ಲಿ ನೀರು.

ಸಂಗತಿ ಇಷ್ಟೆ. ಮಾದಾಪುರದ ಅವನ ಆಫೀಸು ಹಿಂದೆ ಎಂಟಕ್ಕೆ ಶುರುವಾಗುತ್ತಿತ್ತು. ಒಂದು ವರ್ಷದ ಹಿಂದೆ ಹತ್ತಕ್ಕೆ ಬದಲಾಯಿತು. ಅದನ್ನು ಅವನು ಮನೆಯಲ್ಲಿ ಹೇಳಲಿಲ್ಲ. ಎಂದಿನಂತೆ ಆರೂಕಾಲಿಗೆ ರೊಟ್ಟಿ ಡಬ್ಬಿ ಹಿಡಿದು ಹೊರಟು, ಸ್ಟೇಷನ್ ಪಕ್ಕದ ಚಹಾ ಅಂಗಡಿಯ ಬೆಂಚಿನ ಮೇಲೆ ಎರಡು ತಾಸು ಕೂರುತ್ತಿದ್ದ. ಆಫೀಸಿನಲ್ಲಿ ಎಲ್ಲರೂ ಬೆಳಗಿನ ವಾಕಿಂಗ್ ಮಾಡಿ ಫೋಟೋ ಕಳಿಸಬೇಕೆಂದು ಸಾಹೇಬ ಜನಾರ್ದನರ ಆಜ್ಞೆಯಿತ್ತು. ಹಾಗಾಗಿ ಹಣೆಗೆ ನೀರು ಚಿಮುಕಿಸಿಕೊಂಡು ಕೂತಲ್ಲೇ ಒಂದು ಸೆಲ್ಫಿ ತೆಗೆದು ಕಳಿಸುತ್ತಿದ್ದ. ಮನೆಗೂ ಆಫೀಸಿಗೂ ಸಿಗದ ಆ ಎರಡು ತಾಸು ಅವನ ಆಸ್ತಿ. ಅದನ್ನು ಬಿಟ್ಟುಕೊಡಲು ಅವನಿಗೆ ಮನಸ್ಸಿರಲಿಲ್ಲ. ಆದರೆ ಈ ಹೆಂಗಸು ಅಲ್ಲಿ ಹೇಗೆ ಬಂದಳು?

ಅವನು ಫೋನು ಹಿಡಿದು ಬಚ್ಚಲಿಗೆ ಹೋಗಿ ಚಿಲಕ ಹಾಕಿದ. ಖಾಸಗಿತನವೇ ಉಸಿರಾಗಿದ್ದ ಆಪು, ಖಾಸಗಿತನದ ಬಟನ್ನನ್ನು ಏಳನೆಯ ಪುಟದ ತಳದಲ್ಲಿ ಹೂತಿಟ್ಟಿತ್ತು. ಕಡೆಗೆ ‘ಈ ವ್ಯಕ್ತಿಯನ್ನು ಬಚ್ಚಿಡಿ’ ಎಂಬುದು ಸಿಕ್ಕಿತು. ಒತ್ತಿದ. ನಿಟ್ಟುಸಿರು ಬಿಟ್ಟ.

ಹೊರಗೆ ಶರಣಬಸಮ್ಮನ ಫೋನು ಟಿಣ್ ಎಂದಿತು. ‘ಶಾಂತಕುಮಾರ ಈಗಷ್ಟೇ ಒಬ್ಬ ವ್ಯಕ್ತಿಯನ್ನು ಬಚ್ಚಿಟ್ಟಿದ್ದಾರೆ. ನೋಡಲು ಇಲ್ಲಿ ಒತ್ತಿ.’

ಕುಂಬಳಕಾಯಿ ಕಳ್ಳ ಎನ್ನುವ ಮೊದಲೇ ಹೆಗಲು ಮುಟ್ಟಿಕೊಂಡಂತಾಯಿತು. ಅವನು ಬಚ್ಚಲಿನಿಂದ ಬರುವಷ್ಟರಲ್ಲಿ ಶರಣಬಸಮ್ಮ ಮಂಚದ ಕೆಳಗಿನ ಸೂಟ್‌ಕೇಸ್ ಎಳೆದಿದ್ದಳು.

“ಸಂಜಿ ಬಸ್ಸಿಗೆ ಸಿಂಧನೂರಿಗೆ ಹೊಂಟೀನಿ. ನೀವು, ನಿಮ್ಮಾಕಿ ಇಲ್ಲೇ ಇರ್ರಿ.”

ಅವಳ ಕಣ್ಣಲ್ಲಿ ನೀರಿತ್ತು. ಶಾಂತಕುಮಾರನಿಗೆ ನಿಜವಾಗಿ ಹೆದರಿಕೆಯಾಯಿತು.

ಗದ್ದಲ ಕೇಳಿ ಒಳಗೆ ಬಂದ ಅಮರಯ್ಯ ಕೈಚಾಚಿದರು. “ತೋರಸ್ರಿ. ಪೂರ್ತಿ ಫೋಟೋ ನೋಡಿದ್ರ ತಿಳೀತೈತಿ.” ಪೂರ್ತಿ ಫೋಟೋಗಳು ಉಗ್ರಾಣದಿಂದ ಇಳಿಯಲು ಒಂದು ದಿನ ಬೇಕೆಂದು ಆಪು ವಿನಯದಿಂದ ತಿಳಿಸಿತು. “ಹೋಗ್ಲಿ, ಮ್ಯಾಪ್ ಐತಲ್ಲ!” ಎಂದು ಅಮರಯ್ಯ ಇನ್ನೊಂದು ಕಡೆ ಒತ್ತಿದರು. ಇನ್ನೂರ ಹದಿನಾಲ್ಕು ಫೋಟೋಗಳಿಗೂ ಸೇರಿ ನಕ್ಷೆಯಲ್ಲಿ ಒಂದೇ ಕೆಂಪು ಚುಕ್ಕೆ. “ಅಯ್ಯ, ಇಲ್ಲೇ ಸ್ಟೇಷನ್ ಬಾಜೂಕ! ನಡೀರಿ.”

ಒಂದು ಆಟೋದಲ್ಲಿ ನಾಲ್ಕು ಜನ ಹೊರಟರು. ಶಾಂತಕುಮಾರ ಡ್ರೈವರನ ಪಕ್ಕ ಅರ್ಧ ಕೂತು, ಅರ್ಧ ನೇತಾಡುತ್ತಿದ್ದ.

ಚುಕ್ಕೆ ಬಂದು ನಿಂತದ್ದು ಆ ಬೆಂಚಿನ ಮುಂದೆ. ಬೆಂಚಿನ ಹಿಂದಿನ ಗೋಡೆಯ ಮೇಲೆ ಆಳೆತ್ತರದ ಜಾಹೀರಾತು. ಅದರಲ್ಲಿ ದುಂಡು ಮುಖದ, ಮೂಗುತಿಯ ಹೆಂಗಸೊಬ್ಬಳು ಕುಕ್ಕರ್ ಎತ್ತಿ ಹಿಡಿದು ನಗುತ್ತಿದ್ದಳು. ವರ್ಷವಿಡೀ ಅವಳಿಗೆ ಬೆನ್ನು ಹಾಕಿ ಕೂತಿದ್ದ ಶಾಂತಕುಮಾರ ಇವತ್ತೇ ಅವಳನ್ನು ನೋಡಿದ್ದು.

“ಅಯ್ಯ ಶಿವನೇ! ಕುಕ್ಕರಿನಾಕಿ!” ಎಂದು ಶರಣಬಸಮ್ಮ ನಕ್ಕಳು. ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೂ ನಕ್ಕಳು. ಸುಮಂಗಲಾ ಮಾತ್ರ ಬಂದ ಆಟೋ ದಂಡವಾಯಿತೆಂಬಂತೆ ಮುಖ ಸಣ್ಣದು ಮಾಡಿಕೊಂಡಳು. ಶಾಂತಕುಮಾರ ಮನಸ್ಸಿನಲ್ಲೇ ಕುಕ್ಕರ್ ಕಂಪನಿಗೆ ಕೈಮುಗಿದ.

ಆಗ ಚಹಾದವನು, ರಜೆಯ ಭಾನುವಾರವೂ ಬಂದಿರಲ್ಲ ಎಂಬ ಪ್ರೀತಿಯಿಂದ ಕೂಗಿದ: “ಅರೆ ಸಾಬ್, ಆಜ್ ಇತ್ವಾರ್ ಕೋ ಭೀ ಆ ಗಯೇ? ಆಪ್ ಕಾ ಬೆಂಚ್ ಖಾಲೀಚ್ ಹೈ!”

“ರೋಜ್ ಆತೇ ಕ್ಯಾ?” ದಿನಾ ಬರುತ್ತಾರೇನು ಎಂದು ಅಮರಯ್ಯ ವಿಚಾರಣೆ ಶುರುಮಾಡಿದರು.

ರೋಜ್, ಪೂರಾ ದೋ ಘಂಟೇ, ಯಾರ ಹತ್ತಿರವೂ ಮಾತಿಲ್ಲ ಕತೆಯಿಲ್ಲ, ಭೋತ್ ಶರೀಫ್ ಆದ್ಮೀ, ಬಲು ಸಭ್ಯಸ್ಥ ಎಂದು ಅವನು ತನ್ನ ಗಿರಾಕಿಯನ್ನು ಬಾಯ್ತುಂಬ ಹೊಗಳಿದ.

ಶರಣಬಸಮ್ಮನ ನಗು ನಿಂತಿತು. “ಎರಡು ತಾಸು? ಆಫೀಸು ಎಂಟಕ್ಕಲ್ಲೇನ್ರಿ?”

“ಹತ್ತಕ್ಕ... ಒಂದ್ ವರ್ಷ ಆತು.”

“ಅಂದ್ರ ನಾ ನಾಲ್ಕೂವರಿಗೆ ಎದ್ದು ರೊಟ್ಟಿ ಬಡದು ಕಳಸೂದು ನೀವು ಇಲ್ಲಿ ಕುಂದ್ರಾಕ? ಯಾರ ಜೋಡಿ?”

“ಯಾರೂ ಇಲ್ಲ. ಒಬ್ಬನ. ಸುಮ್ಮನ ಕುಂದರ್ತೀನಿ.”

“ಯಾರರೆ ಇದ್ದಿದ್ರ ಒಂದು ಮಾತು!” ಎಂದಳು ಶರಣಬಸಮ್ಮ. ಅವಳ ದನಿ ಈಗ ನಿಜವಾಗಿ ಒಡೆಯಿತು. “ಆಕಿ ಚಂದ ಅದಾಳ, ಅದಕ್ಕ ಹೋದ್ರು ಅಂತ ತಿಳ್ಕೊತಿದ್ದೆ. ಯಾರೂ ಇಲ್ಲ ಅಂತ ನನ್ನ ಬಿಟ್ಟು ಬರ್ತೀರೇನ್ರಿ?”

ಅಮರಯ್ಯನವರಿಗೂ ಭಾರೀ ಅವಮಾನವಾಗಿತ್ತು. “ಇಷ್ಟು ಮಂದಿ ನಾವಿದ್ದೂ ಒಬ್ಬನ ಕುಂದ್ರೂದು ಅಂದ್ರ ಏನು ತಮ್ಮಾ? ಒಂದು ಮಾತು ಹೇಳಿದ್ರ ನಾವು ಬರ್ತಿದ್ದಿಲ್ಲೇನು?”

ತೀರ್ಪು ಅಲ್ಲೇ ಆಯಿತು. ಶರಣಬಸಮ್ಮ ಸಿಂಧನೂರಿಗೆ ಹೋಗಲಿಲ್ಲ.

ಸೋಮವಾರ ಆರೂವರೆಗೆ ಬೆಂಚು ಭರ್ತಿಯಾಗಿತ್ತು. ಒಂದು ತುದಿಗೆ ಅಮರಯ್ಯ, ನಡುವೆ ಶರಣಬಸಮ್ಮ, ಆ ತುದಿಗೆ ಸುಮಂಗಲಾ. ಮೂವರೂ ಒಟ್ಟಿಗೆ ಮಾತಾಡುತ್ತಿದ್ದರು. ನಾಲ್ಕೂವರೆಗೆ ಎದ್ದು ತನ್ನ ರೊಟ್ಟಿ ತಾನೇ ಬಡಿದಿದ್ದ ಶಾಂತಕುಮಾರ, ಉಗುರಲ್ಲಿ ಜೋಳದ ಹಿಟ್ಟು ಇಟ್ಟುಕೊಂಡು ಪಕ್ಕದಲ್ಲಿ ನಿಂತಿದ್ದ. ಹಣೆಯ ಮೇಲೆ ಈಗ ಅಸಲಿ ಬೆವರು.

ಅಮರಯ್ಯ ಅವನ ಫೋನು ಕಸಿದು ಎಲ್ಲರ ಸೆಲ್ಫಿ ತೆಗೆದರು. ತಕ್ಷಣ ಅವನ ಫೋನೂ ಶರಣಬಸಮ್ಮನ ಫೋನೂ ಟಿಣ್ ಎಂದವು.

‘ಹೊಸ ಬಳಗ ಸಿಕ್ಕಿದೆ: ನಾಲ್ಕು ಜನ. ಐದನೆಯ ವ್ಯಕ್ತಿಯನ್ನು ನಿಮ್ಮ ಇಚ್ಛೆಯಂತೆ ಬಚ್ಚಿಡಲಾಗಿದೆ. ನಿಮ್ಮ ಖಾಸಗಿತನವೇ ನಮ್ಮ ಉಸಿರು.’

ಶಾಂತಕುಮಾರ ಹಿಂದಕ್ಕೆ ತಿರುಗಿ ನೋಡಿದ. ಕುಕ್ಕರಿನವಳು ನಿಶ್ಚಿಂತೆಯಿಂದ ನಗುತ್ತಿದ್ದಳು. ಜೀವಮಾನದಲ್ಲಿ ಮೊದಲ ಸಲ ಅವನಿಗೆ ಪರಸ್ತ್ರೀಯೊಬ್ಬಳನ್ನು ಕಂಡು ಹೊಟ್ಟೆಕಿಚ್ಚಾಯಿತು.