ಮಾವನ ಮಲಗುವ ಮುಂಚಿನ ಬಸ್ಕಿ

ಜಗತ್ತಿನಲ್ಲಿ ಎಲ್ಲರೂ ಆಯಾಸವಾದರೆ ಮಲಗುತ್ತಾರೆ. ನನ್ನ ಸೋದರಮಾವ ಮಾತ್ರ ಮಲಗಬೇಕೆಂದು ಆಯಾಸ ಮಾಡಿಕೊಳ್ಳುತ್ತಿದ್ದರು! ಅವರು ಮಲಗುವುದನ್ನು ನೋಡಲು ಟಿಕೆಟ್ ಇಟ್ಟಿದ್ದರೆ ರಾಜಾಜಿನಗರದ ಅರ್ಧ ಜನ ಊಟ ಮುಗಿಸಿ ನಮ್ಮ ಮನೆ ಮುಂದೆ ಸಾಲು ನಿಲ್ಲುತ್ತಿದ್ದರು ಎಂದು ನಾನು ಇವತ್ತಿಗೂ ನಂಬಿದ್ದೇನೆ.

ಎಪ್ಪತ್ತರ ದಶಕದಲ್ಲಿ ಕಾಲೇಜು ಓದಲೆಂದು ಅಜ್ಜಿಯ ಮನೆಗೆ ಬಂದವಳು ನಾನು. ಮನೆಯಲ್ಲಿ ಅಜ್ಜಿ, ಮಾವ, ಅತ್ತೆ, ಅಷ್ಟೇ ಜನ. ಮಾವ ಕಾರ್ಖಾನೆಯ ಫಿಟ್ಟರ್. ಬೆಳಗಿನ ಜಾವಕ್ಕೆ ಎದ್ದು ಕಾಮಾಕ್ಷಿಪಾಳ್ಯದ ಗರಡಿಗೆ ಹೋಗುತ್ತಿದ್ದರು. ಅಲ್ಲಿನ ಭಾರಗಳೆಲ್ಲ ಮಾಗಡಿ ರಸ್ತೆಯ ಲೇತ್ ಅಂಗಡಿಗಳಲ್ಲಿ ಮೂಲೆಗೆ ಬಿದ್ದಿದ್ದ ಗಾಲಿ, ಗೇರು, ಕಬ್ಬಿಣದ ತುಂಡುಗಳು. ಎತ್ತಿನ ಗಾಡಿಯ ಅಚ್ಚಿಗೆ ಅವನ್ನು ಸಿಕ್ಕಿಸಿ ಮಾವ ತಲೆಯ ಮೇಲಕ್ಕೆ ಎತ್ತುತ್ತಿದ್ದರು. ನಾನೊಮ್ಮೆ ಗರಡಿಯ ಬಾಗಿಲಲ್ಲಿ ನಿಂತು ನೋಡಿದೆ. ಅವರ ಕುತ್ತಿಗೆಯ ನರಗಳನ್ನು ಕಂಡು ನನ್ನ ಉಸಿರೇ ನಿಂತಿತು. ಮನುಷ್ಯನ ಮೈಯಲ್ಲಿ ಇಷ್ಟೆಲ್ಲ ಇರುತ್ತದೆಯೇ ಎಂದು ದಾರಿಯುದ್ದಕ್ಕೂ ನನ್ನ ಕಡ್ಡಿಯಂಥ ತೋಳುಗಳನ್ನು ಮುಟ್ಟಿ ನೋಡಿಕೊಳ್ಳುತ್ತಾ ಮನೆಗೆ ಬಂದೆ.

ಗರಡಿಯಿಂದ ಬಂದ ಮಗನ ಭುಜಗಳನ್ನು ಅಜ್ಜಿ ಕೈಯಿಂದ ಸವರಿ ನೋಡುತ್ತಿದ್ದರು. ಅವರಿಗೆ ಕಣ್ಣು ಪೂರ್ತಿ ಹೋಗಿತ್ತು. ಸವರಿ ಮುಗಿದ ಮೇಲೆ ಎರಡೂ ಕೈಗಳನ್ನು ತಮ್ಮ ಹಣೆಯ ಪಕ್ಕಕ್ಕೆ ಒತ್ತಿ ಲಟಲಟ ಎಂದು ನೆಟಿಕೆ ಮುರಿದು, "ಯಾರ ಕಣ್ಣೂ ತಾಗ್ದೆ ಇರ್ಲಿ" ಎನ್ನುತ್ತಿದ್ದರು. ಆಮೇಲೆಯೇ ಮಾವನಿಗೆ ಕಾಫಿ.

ಮಾವನ ಶಕ್ತಿಯ ಬಗ್ಗೆ ನಾನು ಉತ್ಪ್ರೇಕ್ಷೆ ಮಾಡುತ್ತಿದ್ದೇನೆ ಅನ್ನಿಸಿತೇ? ಹಾಗಾದರೆ ಒರಳುಕಲ್ಲಿನ ಕಥೆ ಕೇಳಿ. ಕಾಮಾಕ್ಷಿಪಾಳ್ಯದ ಹಳೇ ಬಾಡಿಗೆ ಮನೆಯಿಂದ ರಾಜಾಜಿನಗರಕ್ಕೆ ಸಾಮಾನು ಸಾಗಿಸುವ ದಿನ, ಗಾಡಿಯವನು ಒರಳುಕಲ್ಲನ್ನು ನೋಡಿ ಆಗುವುದಿಲ್ಲ ಎಂದುಬಿಟ್ಟನಂತೆ. ಮಾವ ಟವೆಲ್ ಮಡಚಿ ಹೆಗಲಿಗೆ ಹಾಕಿಕೊಂಡು, ಕಲ್ಲನ್ನು ಅದರ ಮೇಲಿಟ್ಟುಕೊಂಡು ನಡೆದೇಬಿಟ್ಟರು. ಹೊಸ ಬೀದಿಯ ತಿರುವಿನಲ್ಲಿ ಒಬ್ಬ ಹೆಂಗಸು ಗೇಟಿನಿಂದ ಕೈ ಆಡಿಸಿ ಕರೆದು, "ಏನಪ್ಪಾ, ಇದೊಂದೇ ಉಳಿದಿರೋದಾ? ಎಷ್ಟಕ್ಕೆ ಕೊಡ್ತೀಯ?" ಎಂದು ಕೇಳಿದರು. ಮಾವ ಕಲ್ಲನ್ನು ಹೆಗಲಿನಿಂದ ಇಳಿಸದೆಯೇ ಸಾವಧಾನವಾಗಿ ನಿಂತು, "ಕೊಡಕ್ಕಾಗಲ್ಲಮ್ಮ, ನಮ್ಮಮ್ಮ ಬೈತಾರೆ" ಎಂದು ಉತ್ತರ ಹೇಳಿ ಬಂದರಂತೆ.

ಇಷ್ಟು ಭಾರ ಎತ್ತುವವರು ರಾತ್ರಿ ಸುಮ್ಮನೆ ಮಲಗಬಹುದಲ್ಲ? ಉಹುಂ. ರೇಡಿಯೋ ವಾರ್ತೆ ಮುಗಿಯುತ್ತಿದ್ದಂತೆ ಅಜ್ಜಿಯ ಕೋಣೆಯ ಬಾಗಿಲ ಪಕ್ಕ, ಹಜಾರದಲ್ಲಿ ಚಾಪೆ ಬೀಳುತ್ತಿತ್ತು. ಭಾರವಿಲ್ಲ, ಕಬ್ಬಿಣವಿಲ್ಲ, ಬರೀ ಮೈ. ಮೊದಲು ಅಂಗೈ ಊರಿ ಮೈ ಇಳಿಸಿ ಎತ್ತುವ ದಂಡ, ಆಮೇಲೆ ಬಸ್ಕಿ. ಕೂತಾಗ ಒಂದು "ಹುಂ", ಎದ್ದಾಗ ಒಂದು "ಹಾ", ನಡುವೆ ಮಂಡಿಯಿಂದ "ಲಟ್". ಪಕ್ಕದ ಮನೆಯ ಮೇಷ್ಟ್ರ ಗೂಡಿನಲ್ಲಿದ್ದ ಲೋಟಗಳು ತಾಳ ಹಾಕುತ್ತಿದ್ದವು. ಅವರೊಂದು ದಿನ ಗೇಟಿನ ಬಳಿ ಮಾವನನ್ನು ತಡೆದು ವಿಚಾರಿಸಿದರು.

"ಬೆಳಿಗ್ಗೆ ಕಬ್ಬಿಣ ಎತ್ತುತ್ತೀರಲ್ಲ ಸ್ವಾಮಿ, ಅದು ಸಾಲದೇ?"

"ಬೆಳಿಗ್ಗೆ ಬೇರೆ ಭಾರ ಎತ್ತೋದು ಸಾರ್. ರಾತ್ರಿ ನಮ್ಮ ಭಾರ ನಾವೇ ಎತ್ಕೊಳ್ಳೋದು."

"ಎಷ್ಟು ಹೊಡೀತೀರಿ?"

"ಎಣಿಸಲ್ಲ ಸಾರ್."

ಎಣಿಸುವುದಿಲ್ಲವಂತೆ! ನಾನೂ ಗಮನಿಸಿದೆ. ಕೆಲವು ದಿನ ಹತ್ತೇ ನಿಮಿಷಕ್ಕೆ ಚಾಪೆ ಸುತ್ತಿಡುತ್ತಿದ್ದರು. ಕೆಲವು ದಿನ ನಾನು ಓದಿ ಮುಗಿಸಿ ದೀಪ ಆರಿಸಿದರೂ ಮುಗಿಯುತ್ತಿರಲಿಲ್ಲ. ಕಾರ್ಖಾನೆಯಲ್ಲಿ ಎಷ್ಟೇ ದುಡಿದು ಬಂದಿರಲಿ, ಈ ಲೆಕ್ಕ ಮಾತ್ರ ಯಾರಿಗೂ ಸಿಗುತ್ತಿರಲಿಲ್ಲ.

ಈ ದಂಡ-ಬಸ್ಕಿಯ ಹುಚ್ಚಿನಿಂದಲೇ ಅವರ ಮದುವೆಯೂ ಆದದ್ದು. ವಿಜಯನಗರದ ಒಂದು ಛತ್ರದಲ್ಲಿ ಯಾರದೋ ಮದುವೆ. ವರಪೂಜೆ ಮುಗಿದು, ಅಜ್ಜಿಯೂ ಸೇರಿ ನೆಂಟರೆಲ್ಲ ಜಮಖಾನದ ಮೇಲೆ ಸಾಲಾಗಿ ಉರುಳಿಕೊಂಡಿದ್ದರು. ಮಾವನಿಗೆ ಜಾಗ ಸಿಕ್ಕಿದ್ದು ಒಬ್ಬ ಮುದುಕಿ ಕುರ್ಚಿ ಹಾಕಿಕೊಂಡು ಎಲೆ ಅಡಿಕೆ ಮೆಲ್ಲುತ್ತಿದ್ದ ಮೂಲೆಯಲ್ಲಿ. ಮಾವ ಅಂಗಿ ಬಿಚ್ಚಿ ದಂಡಕ್ಕೆ ಇಳಿದರು. ತನ್ನ ಕಾಲ ಬಳಿ ಬೋರಲು ಬಿದ್ದ ಗಂಡಸನ್ನು ಕಂಡು ಮುದುಕಿ ಗಾಬರಿಯಾಗಿ ಎಲೆ ಉಗಿದು, "ದೀರ್ಘಾಯುಷಿಯಾಗು" ಎಂದರು. ಮಾವ ಎದ್ದರು, ಮತ್ತೆ ಇಳಿದರು. "ಒಳ್ಳೇ ಹೆಂಡ್ತಿ ಸಿಗ್ಲಿ." ಮತ್ತೆ ಇಳಿದರು. "ಸ್ವಂತ ಮನೆ ಆಗ್ಲಿ." ನಡುವೆ ನಿಲ್ಲಿಸಿದರೆ ದಂಡ ಕೆಡುತ್ತದೆ, ನಿಲ್ಲಿಸದಿದ್ದರೆ ಮುದುಕಿ ಬಿಡುವುದಿಲ್ಲ! ಕೊನೆಗೆ ಆಕೆಯೇ ಸೋತು, "ಸಾಕು ಏಳಪ್ಪ, ನನ್ನ ಹತ್ರ ಇನ್ನು ಆಶೀರ್ವಾದ ಉಳಿದಿಲ್ಲ" ಎಂದರಂತೆ. ಬೆಳಿಗ್ಗೆ ಎದ್ದವರೇ ಮಗನನ್ನು ಕರೆದು, ಈ ಕಾಲದಲ್ಲಿ ಇಷ್ಟು ವಿನಯ ಇರುವ ಹುಡುಗ ಎಲ್ಲಿ ಸಿಗುತ್ತಾನೆ, ಮೊಮ್ಮಗಳಿಗೆ ಇವನನ್ನೇ ನೋಡು ಎಂದು ಹಟ ಹಿಡಿದರು. ಆ ಮೊಮ್ಮಗಳೇ ನಮ್ಮ ಅತ್ತೆ. ಮದುವೆಯಾದ ದಿನ ರಾತ್ರಿಯೇ ಸತ್ಯ ತಿಳಿಯಿತು ಎಂದು ಅತ್ತೆ ನಗುತ್ತಿದ್ದರು.

ಇಂಥ ಮಾವ ಒಂದು ಬೆಳಿಗ್ಗೆ ಇಬ್ಬರ ಹೆಗಲ ಮೇಲೆ ಕೈ ಹಾಕಿಕೊಂಡು ಗರಡಿಯಿಂದ ಮನೆಗೆ ಬಂದರು. ಭಾರ ಎತ್ತುವಾಗ ಸೊಂಟ ಹಿಡಿದಿತ್ತು. ಡಾಕ್ಟರು ಒತ್ತಿ ನೋಡಿ, ತಿಂಗಳುಗಟ್ಟಲೆ ಭಾರವೂ ಇಲ್ಲ, ದಂಡವೂ ಇಲ್ಲ, ಬಗ್ಗಿ ಚಪ್ಪಲಿ ಕೂಡ ಎತ್ತಬಾರದು ಎಂದರು. ಮಾವ ಅದಕ್ಕೆ ಹೆದರಲಿಲ್ಲ. ಡಾಕ್ಟರ ಬಳಿಯಿಂದ ಮನೆಗೆ ಬಂದವರೇ ನನ್ನನ್ನೂ ಅತ್ತೆಯನ್ನೂ ಅಡುಗೆಮನೆಗೆ ಕರೆದು ಪಿಸುಗುಟ್ಟಿದರು: "ಅಮ್ಮಂಗೆ ಗೊತ್ತಾಗಬಾರದು. ಗೊತ್ತಾದ್ರೆ ಅವಳು ನಿದ್ದೆ ಮಾಡಲ್ಲ."

ನಿದ್ದೆಗೂ ಇದಕ್ಕೂ ಏನು ಸಂಬಂಧ? ಆಮೇಲೆ ಅತ್ತೆ ಬಿಡಿಸಿ ಹೇಳಿದರು. "ಅವರು ಬಸ್ಕಿ ಎಣಿಸಲ್ಲ ಕಣೇ, ಕಿವಿಗೊಟ್ಟು ಕೇಳಿಸ್ಕೊಳ್ತಾರೆ. ಒಳಗೆ ನಿಮ್ಮಜ್ಜಿ ಗೊರಕೆ ಶುರುವಾಯ್ತು ಅಂದ್ರೆ ಇಲ್ಲಿ ಬಸ್ಕಿ ಮುಗೀತು."

ಮಾವನಿಗೆ ಚಿಕ್ಕಂದಿನಲ್ಲಿ ಉಬ್ಬಸವಿತ್ತಂತೆ. ರಾತ್ರಿಯಿಡೀ ಅಜ್ಜಿ ಮಗನ ಎದೆಗೆ ಕಿವಿಯಿಟ್ಟು ಕೂತಿರುತ್ತಿದ್ದರಂತೆ. ಉಸಿರು ಕೇಳಿಸಿದರೆ ಕಣ್ಣು ಮುಚ್ಚುವುದು, ಸಣ್ಣಗಾದರೆ ಎದ್ದು ಕೂರುವುದು. ಮಗ ದೊಡ್ಡವನಾದ, ಗರಡಿ ಸೇರಿದ, ಉಬ್ಬಸ ಬಿಟ್ಟುಹೋಯಿತು. ಅಜ್ಜಿಯ ಅಭ್ಯಾಸ ಬಿಡಲಿಲ್ಲ. ಕಣ್ಣು ಹೋದ ಮೇಲಂತೂ ಮಗನ ಉಸಿರು ಜೋರಾಗಿ ಕೇಳಿಸದೆ ನಿದ್ದೆಯೇ ಇಲ್ಲ. ಅದಕ್ಕೇ ಬಾಗಿಲ ಪಕ್ಕದ ಚಾಪೆ, ಅದಕ್ಕೇ ಆ "ಹುಂ", "ಹಾ". ಒರಳುಕಲ್ಲು ಹೊತ್ತಿದ್ದು ಯಾವ ದೊಡ್ಡ ಸಾಹಸ! ದಿನವೆಲ್ಲ ಕಾರ್ಖಾನೆಯಲ್ಲಿ ದುಡಿದು ಬಂದು, ತಾಯಿಯ ಕಣ್ಣಿಗೆ ನಿದ್ದೆ ಹತ್ತುವವರೆಗೆ ಏಳುತ್ತಾ ಕೂರುತ್ತಾ ಇದ್ದರಲ್ಲ, ಸಾಹಸವೆಂದರೆ ಅದು.

ಅಂದು ರಾತ್ರಿ ಮಾವ ಕುರ್ಚಿಯಲ್ಲಿ ನೆಟ್ಟಗೆ ಕೂತು, ಬರೀ ಉಸಿರಿನಲ್ಲೇ ಬಸ್ಕಿ ಹೊಡೆದರು. "ಹುಂ", "ಹಾ". ನಾನು ಅವರ ಕಾಲ ಬಳಿ ಕೂತು, ಪಾದದ ಸದ್ದಿಗೆ ಬದಲಾಗಿ ಅಂಗೈಯಿಂದ ನೆಲ ತಟ್ಟಿದೆ. ಒಳಗಿನಿಂದ ಅಜ್ಜಿಯ ದನಿ ಬಂತು.

"ಇವತ್ತೇನೋ, ಮಂಡಿ ಸದ್ದೇ ಇಲ್ಲ?"

ನಾನೂ ಅತ್ತೆಯೂ ಮಾವನ ಮುಖ ನೋಡಿದೆವು. ಮಾವ ತಮ್ಮ ಮಂಡಿಗಳನ್ನು ಅಸಹಾಯಕರಾಗಿ ನೋಡಿಕೊಂಡರು. ಆಮೇಲೆ ಏನೋ ಹೊಳೆದು, ಒಂದು ಬೆರಳು ಹಿಡಿದು ಲಟ್ ಎನ್ನಿಸಿದರು. "ಎಣ್ಣೆ ಹಚ್ಕೊಂಡಿದ್ದೆ ಕಣಮ್ಮ, ಅದಕ್ಕೇ" ಎಂದರು. ಸ್ವಲ್ಪ ಹೊತ್ತಿಗೆ ಗೊರಕೆ ಕೇಳಿಸಿತು.

ಹೀಗೇ ದಿನಗಳು ಕಳೆದವು. ಆದರೆ ಬೆರಳುಗಳು ಮಂಡಿಗಳಲ್ಲವಲ್ಲ? ಒಮ್ಮೆ ಲಟ್ ಎಂದ ಬೆರಳು ಮತ್ತೆ ಅನ್ನಲು ಹೊತ್ತು ಬೇಕು. ಮಾವನ ಬೆರಳುಗಳೆಲ್ಲ ಮುಗಿದರೆ ಅತ್ತೆಯವು, ಅವೂ ಮುಗಿದರೆ ನನ್ನವು. ಪಾಳಿಯ ಮೇಲೆ ಕೆಲಸ! ನಮ್ಮ ಕೈಗಳು ಎಷ್ಟು ಬಾತುಕೊಂಡವೆಂದರೆ ನನಗೆ ಪೆನ್ನು ಹಿಡಿಯುವುದೇ ಕಷ್ಟವಾಯಿತು.

ಒಂದು ರಾತ್ರಿ ಅಜ್ಜಿಗೆ ಕೆಮ್ಮು. ಎಷ್ಟು ಹೊತ್ತಾದರೂ ಗೊರಕೆ ಬರಲಿಲ್ಲ. ಮೂವರ ಬೆರಳುಗಳೂ ಮುಗಿದುಹೋಗಿದ್ದವು. ಮಾವ ಹಟ ಬಿಡದೆ ಹೆಬ್ಬೆರಳನ್ನು ಎಳೆಯುತ್ತಿದ್ದರು. ಆಗ ಒಳಗಿನಿಂದ ಲಟಲಟ ಎಂದು ಸದ್ದು ಬಂತು. ಅಜ್ಜಿ ದೃಷ್ಟಿ ತೆಗೆದು ನೆಟಿಕೆ ಮುರಿಯುವ ಸದ್ದು.

"ಬೆರಳಿಗೆ ನೋವಾಗುತ್ತೆ, ಸಾಕು ಬಿಡೋ" ಎಂದರು. "ಸೊಂಟಕ್ಕೆ ಬಿಸಿನೀರಿನ ಶಾಖ ಕೊಟ್ಕೊಂಡ್ಯಾ?"

ಮಾವ ಬಾಗಿಲಿನ ಕಡೆ ತಿರುಗಿದರು. "ಯಾವಾಗಿಂದ ಗೊತ್ತಮ್ಮ ನಿಂಗೆ?"

"ಮೊದಲ್ನೇ ದಿನದಿಂದ."

"ಮತ್ತೆ ದಿನಾ ನಿದ್ದೆ ಹೆಂಗೆ ಮಾಡ್ದೆ?"

"ಮಂಡಿ ಯಾರದ್ದಾದ್ರೆ ನಂಗೇನು? ಉಸಿರು ನಿಂದೇ ತಾನೇ ಇತ್ತು."

ಮಾವನ ಕಣ್ಣು ತುಂಬಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಆಮೇಲೆ ಅತ್ತೆಯ ಭುಜ ಹಿಡಿದು ಮೆಲ್ಲಗೆ ಎದ್ದರು. ನಾನು ಚಾಪೆಯನ್ನು ಒಳಗೆ ಒಯ್ದು ಅಜ್ಜಿಯ ಮಂಚದ ಪಕ್ಕ ಹಾಸಿದೆ. ಮಾವ ಅದರ ಮೇಲೆ ಮಲಗಿ, ಬೇರೇನೂ ಮಾಡದೆ, ಅಜ್ಜಿಗೆ ಕೇಳಿಸುವಷ್ಟು ಜೋರಾಗಿ ಉಸಿರಾಡಿದರು.