ಬಂಪರಿನ ಕಾವಲು

ಯಾವ ಕೆಲಸವನ್ನೂ ತೀರಾ ಚೆನ್ನಾಗಿ ಮಾಡಬಾರದು ಎಂಬ ತೀರ್ಮಾನಕ್ಕೆ ನಾನು ಐವತ್ತು ದಾಟಿದ ಮೇಲೆ ಬಂದೆ. ಕೆಟ್ಟದಾಗಿ ಮಾಡಿದ ಕೆಲಸ ಅಲ್ಲಿಗೇ ಮುಗಿಯುತ್ತದೆ. ನಾಲ್ಕು ಜನ ನಗುತ್ತಾರೆ, ನಾವೂ ನಕ್ಕು ಮಲಗಬಹುದು. ಚೆನ್ನಾಗಿ ಮಾಡಿದಿರೋ, ಅದನ್ನು ಕಾಯುವ ಕೆಲಸ ಶುರುವಾಗುತ್ತದೆ. ಅದಕ್ಕೆ ರಜೆಯೂ ಇಲ್ಲ, ನಿವೃತ್ತಿಯೂ ಇಲ್ಲ.

ನಮ್ಮದೊಂದು ಹಳೆಯ ಬಿಳಿ ಕಾರು. ನಮ್ಮೂರು ಸಾಗರದ ಬಿಸಿಲು, ಮಳೆ ಎರಡನ್ನೂ ಹೊರಗೇ ನಿಂತು ಉಂಡಿದ್ದರಿಂದ, ಒಂದು ಕಾಲಕ್ಕೆ ಕಪ್ಪಗಿದ್ದ ಅದರ ಪ್ಲಾಸ್ಟಿಕ್ ಭಾಗಗಳು, ಅಂದರೆ ಬಂಪರಿನ ಕೆಳಗಂಚು, ಬಾಗಿಲ ಪಟ್ಟಿ, ಕನ್ನಡಿಯ ಬೆನ್ನು, ಎಲ್ಲವೂ ಒಲೆಬೂದಿಯ ಬಣ್ಣಕ್ಕೆ ತಿರುಗಿದ್ದವು. ನನಗೇನೂ ಬೇಸರವಿರಲಿಲ್ಲ. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನಿಗೆ ಮಾಸಿದ್ದರ ಮೇಲೆ ಒಂದು ಗೌರವವಿರುತ್ತದೆ. ಇಕ್ಕೇರಿ ದೇವಸ್ಥಾನದ ಕಲ್ಲಿಗೆ ಯಾರಾದರೂ ಪೇಂಟ್ ಹೊಡೆಯುತ್ತಾರೆಯೇ ಎಂದು ಹೆಂಡತಿ ನಿರ್ಮಲಾಳನ್ನು ಕೇಳುತ್ತಿದ್ದೆ. “ಆ ಕಲ್ಲಲ್ಲಿ ಕೂತ್ಕೊಂಡು ನಾನು ಸಂತೆಗೆ ಹೋಗ್ಬೇಕಾಗಿಲ್ವಲ್ಲ” ಎನ್ನುತ್ತಿದ್ದಳು.

ಹೊಸನಗರದ ತಂಗಿ ಸಾವಿತ್ರಿ ಫೋನ್ ಮಾಡಿದ್ದು ಆಗ. ಅವಳ ಮಗಳು ರಶ್ಮಿಯ ಮದುವೆ ತೀರ್ಥಹಳ್ಳಿಯ ಛತ್ರವೊಂದರಲ್ಲಿ ನಿಶ್ಚಯವಾಗಿತ್ತು. “ಅಣ್ಣ, ಧಾರೆ ಆದ್ಮೇಲೆ ಮಾವನ ಕಾರಲ್ಲೇ ಹೋಗೋದು ಅಂತ ಇವ್ಳು ಹಠ ಹಿಡಿದಾಳೆ. ಬಾಡಿಗೆಗೆ ದೊಡ್ಡ ಕಾರು ಹೇಳಾಣ ಅಂದ್ರೆ ಕೇಳಲ್ಲ. ಸ್ವಲ್ಪ ತೊಳ್ಸ್ಕೊಂಡಾದ್ರೂ ಬಾ ಮಾರಾಯ” ಎಂದಳು. ಸೋದರಸೊಸೆಯ ಪ್ರೀತಿಗೆ ಹಿಗ್ಗಬೇಕಾದವನು ‘ತೊಳ್ಸ್ಕೊಂಡಾದ್ರೂ’ ಎಂಬಲ್ಲಿ ಸಿಕ್ಕಿಬಿದ್ದೆ.

ಮೊದಲು ಕೊಬ್ಬರಿ ಎಣ್ಣೆ ಹಚ್ಚಿ ನೋಡಿದೆ. ಸಂಜೆಯವರೆಗೆ ಬಂಪರು ಫಳಫಳ ಹೊಳೆಯಿತು. ಮರುದಿನ ಕಾಲೇಜಿಗೆ ಹೋಗಿ ಬರುವಷ್ಟರಲ್ಲಿ ರಸ್ತೆಯ ಧೂಳೆಲ್ಲ ಮೆತ್ತಿ, ರವೆಯಲ್ಲಿ ಹೊರಳಿಸಿದ ಬದನೆ ಹೋಳಿನಂತಾಗಿತ್ತು. ಸೋಪಿನ ನೀರಲ್ಲಿ ಅದನ್ನು ತೊಳೆದು ತೊಳೆದು ಸುಸ್ತಾಗಿ, ಕೊನೆಗೆ ಪೇಂಟ್ ಅಂಗಡಿಗೆ ಹೋಗಿ ಸ್ಪ್ರೇ ಡಬ್ಬಿ ತಂದೆ. ಸ್ಯಾಂಡ್‌ಪೇಪರಿನಿಂದ ಉಜ್ಜಿದೆ. ಬಿಳಿ ಭಾಗಕ್ಕೆಲ್ಲ ಟೇಪು, ಹಳೆಯ ಪೇಪರು ಅಂಟಿಸಿದೆ. ಪ್ರೈಮರು, ಅದರ ಮೇಲೆ ಕಪ್ಪು, ಕಪ್ಪಿನ ರಕ್ಷಣೆಗೆ ಮೇಲೊಂದು ಪಾರದರ್ಶಕ ಲೇಪ. ಭಾನುವಾರಗಳೆಲ್ಲ ಅಂಗಳದಲ್ಲಿ ಕುಕ್ಕರಗಾಲಲ್ಲೇ ಕಳೆದವು. ಸೊಂಟ ನನ್ನ ಮಾತು ಕೇಳುವುದನ್ನು ಬಿಟ್ಟಿತು. ಆದರೆ ಬಣ್ಣ ಮಾತ್ರ ನಿಜಕ್ಕೂ ಚೆನ್ನಾಗಿ ಬಂದುಬಿಟ್ಟಿತು!

ಅಲ್ಲಿಂದ ಕಾವಲು ಶುರು. ಕಾರಿನ ಮೇಲೆ ಮಲಗುತ್ತಿದ್ದ ಬೆಕ್ಕನ್ನು ಓಡಿಸಿದೆ. ನಿರ್ಮಲಾಳ ಬಳೆ ತಾಗೀತೆಂದು ಕಾರಿನ ಬಾಗಿಲನ್ನು ನಾನೇ ತೆಗೆದು ಮುಚ್ಚತೊಡಗಿದೆ. “ಮದ್ವೆಯಾದ ಹೊಸತರಲ್ಲೂ ನೀವು ಬಾಗ್ಲು ತೆಗೆದವ್ರಲ್ಲ” ಎಂದಳು. ಮದುವೆಯ ದಿನ ತೀರ್ಥಹಳ್ಳಿಯ ದಾರಿಯಲ್ಲಿ ಹುಂಚದ ಹತ್ತಿರ ದನಗಳ ಹಿಂಡು ಅಡ್ಡ ಬಂದಾಗ, ಕೊನೆಯ ಕರುವೂ ದಾಟಿ ಹೋಗುವ ತನಕ ಎಂಜಿನ್ ಆರಿಸಿ ಕೂತೆ.

ಛತ್ರದಲ್ಲಿ ಗಂಡಿನ ಚಿಕ್ಕಪ್ಪ ಹೂವಿನ ಬುಟ್ಟಿಯನ್ನೂ ಅಂಗೈಯಗಲದ ಟೇಪಿನ ಸುರುಳಿಯನ್ನೂ ಹಿಡಿದು ಕಾರಿನ ಬಳಿ ಬಂದರು. ನಾನು ಅಡ್ಡ ನಿಂತೆ.

“ಟೇಪ್ ಹಚ್ಬೇಡಿ ಮಾರಾಯ್ರೆ, ಬಣ್ಣ ಕಿತ್ಕೊಂಡ್ ಬತ್ತದೆ” ಎಂದೆ.

“ಕಿತ್ಕೊಂಡ್ ಬರೋ ಬಣ್ಣ ಹಚ್ಕೊಂಡು ಮದ್ವಿಗೆ ಯಾಕ್ ಬಂದ್ರಿ?”

 ಅಡುಗೆಮನೆಯ ಹಿಂದಿನಿಂದ ಬಾಳೆನಾರು ತಂದು, ಒಂದೊಂದು ಹೂವಿನ ಎಳೆಯನ್ನೂ ಬಾಗಿಲ ಹಿಡಿಕೆಗೆ ಕಟ್ಟತೊಡಗಿದೆ. ಒಳಗೆ ವಾಲಗ ಜೋರಾದದ್ದು ಕೇಳಿಸಿತು. ಅದು ಯಾವುದಕ್ಕೆ ಎಂದು ಹೊಳೆಯಲಿಲ್ಲ.

“ಏನ್ರೀ, ಇಲ್ಲಿದೀರಾ!” ನಿರ್ಮಲಾ ಸೆರಗು ಸಿಕ್ಕಿಸಿಕೊಂಡು ಓಡಿ ಬಂದಳು. “ಸೋದರಮಾವ ಎಲ್ಲಿ ಅಂತ ಭಟ್ರು ಮೈಕಲ್ಲಿ ಕೂಗ್ತಾ ಇದಾರೆ. ಬೇರೆ ಯಾರೋ ಕೈ ಹಿಡಿದು ಮಂಟಪಕ್ಕೆ ಕರ್ಕೊಂಡ್ ಹೋಗ್ತೀನಿ ಅಂದ್ರೆ ರಶ್ಮಿ ಹೆಜ್ಜೆ ಎತ್ತಿಡ್ತಾ ಇಲ್ಲ.”

ನಾರು ಅಲ್ಲೇ ಬಿಸಾಕಿ ಓಡಿದೆ. ಹೆಣ್ಣಿನ ಕೋಣೆಯ ಬಾಗಿಲಲ್ಲಿ ರಶ್ಮಿ ಬಾಸಿಂಗ ಕಟ್ಟಿಕೊಂಡು ನಿಂತಿದ್ದಳು. ಸಾವಿತ್ರಿಯ ಮುಖದಲ್ಲಿ ಸಿಟ್ಟು, ಅಳು ಎರಡೂ ಒಟ್ಟಿಗೆ ಇದ್ದವು. ನನಗೆ ಬೆವರಿನ ಜೊತೆ ನಾಚಿಕೆಯೂ ಇಳಿಯಿತು. ಕೈ ಚಾಚಿದೆ.

“ನಂಗೆ ಕಾರು ಬೇಕು ಅಂದಿದ್ದು ಅದ್ರ ಜೊತೆ ಮಾವನೂ ಬರ್ತಾರೆ ಅಂತ” ಎಂದಳು ರಶ್ಮಿ, ಮೆಲ್ಲಗೆ, ನನಗೊಬ್ಬನಿಗೇ ಕೇಳಿಸುವಂತೆ. ಮಂಟಪದವರೆಗೂ ಅವಳ ಕೈ ಗಟ್ಟಿಯಾಗಿ ಹಿಡಿದುಕೊಂಡೆ. ಕಣ್ಣು ಮಂಜಾಗಿತ್ತು. ಕಾರು ನೆನಪಾಗಲಿಲ್ಲ. ಧಾರೆ ಎರೆದು, ಊಟ ಮುಗಿಯುವವರೆಗೂ ಆಗಲಿಲ್ಲ.

ಹೊರಡುವಾಗ ನೆನಪಾಯಿತು. ಮದುಮಕ್ಕಳನ್ನು ಹಿಂದೆ ಕೂರಿಸಿಕೊಂಡು, ಹೂವಿನ ಎಳೆ ಬಾಗಿಲ ಪಟ್ಟಿಗೆ ಉಜ್ಜುತ್ತಿದೆಯೋ ಎಂದು ಪಕ್ಕದ ಕನ್ನಡಿಯಲ್ಲಿ ನೋಡುತ್ತ ಗೇಟು ದಾಟಿಸಿದೆ. ಗೇಟಿನ ಕಲ್ಲುಕಂಬ ಅದರ ಜಾಗದಲ್ಲೇ ಇತ್ತು. ನಾನು ನನ್ನ ಜಾಗದಲ್ಲಿರಲಿಲ್ಲ. ಕರ್ರ್ ಎಂಬ ಸದ್ದಿಗೆ ವಾಲಗದವರೂ ಊದುವುದನ್ನು ನಿಲ್ಲಿಸಿದರು. ಇಳಿದು ನೋಡದೆ ಹಾಗೇ ಹೊಡೆದುಕೊಂಡು ಹೋದೆ.

ಮರುದಿನ ಬೆಳಿಗ್ಗೆ ಪಕ್ಕದ ಮನೆಯ ಶೇಖರಪ್ಪ ಬೇಲಿಯಾಚೆಯಿಂದ ಬಗ್ಗಿ ನೋಡಿ, “ಎಂತ ಸಾರ್ ಇದು, ಅಷ್ಟ್ ಚಂದ ಮಾಡಿದ್ರಿ, ಯಾರ್ ಗೀರಿದ್ದು?” ಎಂದು ಮರುಗಿದರು.

“ಮದುವೆಮನೆ ನೋಡಿ, ಯಾರೋ ಕಣ್ಣಿಲ್ಲದವನು” ಎಂದೆ.

ಒಳಗಿನಿಂದ ನಿರ್ಮಲಾ ಕೂಗಿದಳು: “ಆ ‘ಯಾರೋ’ಗೆ ಕಾಫಿ ಆರ್ತಾ ಇದೆ, ಬರೋಕೆ ಹೇಳಿ.”